ಪಾರ್ಶ್ವ ಸೂರ್ಯಗ್ರಹಣವನ್ನು ಮನೆಯಿಂದಲೇ ಸುರಕ್ಷಿತವಾಗಿ ವೀಕ್ಷಿಸುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

(ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ನಾಗರಿಕರಿಗಾಗಿ)

1. ಪೀಠಿಕೆ

ಚಂದ್ರನು ಸೂರ್ಯ ಮತ್ತು ಭೂಮಿಯ ನಡುವೆ ಬಂದು ಸೂರ್ಯಬಿಂಬದ ಒಂದು ಭಾಗವನ್ನು ಮಾತ್ರ ಮರೆಮಾಡಿದಾಗ ಪಾರ್ಶ್ವ ಗ್ರಹಣ ಉಂಟಾಗುತ್ತದೆ. 2019ರ ಡಿಸೆಂಬರ್ 26, 2020ರ ಜೂನ್ 21 ಹಾಗೂ 2022ರ ಅಕ್ಟೋಬರ್ 25ರ ಗ್ರಹಣಗಳು ಈ ಭಾಗದಲ್ಲಿ ಪಾರ್ಶ್ವವಾಗಿ ಸಂಭವಿಸಿದವು. 2027ರ ಆಗಸ್ಟ್ 2, ಸೋಮವಾರದ ಗ್ರಹಣವೂ ಇಲ್ಲಿ ಪಾರ್ಶ್ವ ಗ್ರಹಣವೇ ಆಗಿದ್ದು, ಅಪರಾಹ್ನ ಸೂರ್ಯನು ಪಶ್ಚಿಮಕ್ಕೆ ಇಳಿದಿರುವ ವೇಳೆಯಲ್ಲಿ ಸಂಭವಿಸುತ್ತದೆ.

2. ಬರಿಗಣ್ಣಿನಿಂದ ಏಕೆ ನೋಡಕೂಡದು

1980ರ ಫೆಬ್ರುವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಭಾಗಗಳಲ್ಲಿ ಪೂರ್ಣ ಗ್ರಹಣವಾಗಿತ್ತು. ಪೂರ್ಣ ಗ್ರಹಣದಲ್ಲಿ ಸೂರ್ಯಬಿಂಬ ಸಂಪೂರ್ಣ ಮರೆಯಾಗುವ ಕೆಲವು ಕ್ಷಣಗಳಲ್ಲಿ ಮಾತ್ರ ಬರಿಗಣ್ಣಿನಿಂದ ನೋಡಬಹುದು. ಪಾರ್ಶ್ವ ಗ್ರಹಣದಲ್ಲಿ ಅಂತಹ ಒಂದು ಕ್ಷಣವೂ ಇರುವುದಿಲ್ಲ. ಉಳಿದ ಸಣ್ಣ ಭಾಗದ ಬೆಳಕೂ ಅಕ್ಷಿಪಟಲವನ್ನು ಸುಡಬಲ್ಲದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ ಕಾರಣ ಹಾನಿ ಆಗಲೇ ತಿಳಿಯದೆ, ಕೆಲವು ಗಂಟೆಗಳ ನಂತರ ದೃಷ್ಟಿ ಮಂಜಾಗುತ್ತದೆ. ಈ ಹಾನಿ ಶಾಶ್ವತವೂ ಆಗಬಹುದು. ತೆಳುಮೋಡ ಕವಿದಿದ್ದರೂ ಈ ಎಚ್ಚರಿಕೆ ಅನ್ವಯಿಸುತ್ತದೆ.

3. ಬಳಸಬಾರದ ಸಾಧನಗಳು

ಅ) ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲ್ಮ್, ಸಾಮಾನ್ಯ ತಂಪು ಕನ್ನಡಕ.
ಆ) ಪರಾತದಲ್ಲಿನ ನೀರು ಅಥವಾ ಸಗಣಿ ನೀರಿನ ಪ್ರತಿಬಿಂಬ. ಸೂರ್ಯ ನೆತ್ತಿಯ ಮೇಲಿದ್ದಾಗ ನೀರು ಶೇ. 2ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ; ಸೂರ್ಯ ಇಳಿದಂತೆ ಈ ಪ್ರಮಾಣ ಹೆಚ್ಚುತ್ತದೆ. ಸುರಕ್ಷಿತ ಕನ್ನಡಕವು ಲಕ್ಷ ಭಾಗದಲ್ಲಿ ಸುಮಾರು 3 ಭಾಗಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುವುದಿಲ್ಲ.
ಇ) ಗ್ರಹಣದ ಕನ್ನಡಕ ಧರಿಸಿದ್ದರೂ ದುರ್ಬೀನು ಅಥವಾ ಕ್ಯಾಮೆರಾದ ಮೂಲಕ ಸೂರ್ಯನನ್ನು ನೋಡಕೂಡದು.

4. ಖರ್ಚಿಲ್ಲದ ಸುರಕ್ಷಿತ ವಿಧಾನಗಳು

ಅ) ರಟ್ಟಿನಲ್ಲಿ ಸೂಜಿಯಿಂದ ಸುಮಾರು 1 ಮಿ.ಮೀ. ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬೆಳಕನ್ನು 2 ಮೀಟರ್ ದೂರದ ಬಿಳಿ ಕಾಗದದ ಮೇಲೆ ಬೀಳಿಸಬೇಕು. ಸುಮಾರು 18 ಮಿ.ಮೀ. ಅಗಲದ ಸೂರ್ಯಬಿಂಬ ಮೂಡುತ್ತದೆ. ರಂಧ್ರದ ಮೂಲಕ ಸೂರ್ಯನನ್ನು ನೋಡಕೂಡದು.
ಆ) ಸಣ್ಣ ಕನ್ನಡಿಗೆ 5 ಮಿ.ಮೀ. ರಂಧ್ರವಿರುವ ಕಾಗದ ಹೊದಿಸಿ, ಪಶ್ಚಿಮದ ಕಿಟಕಿಯಲ್ಲಿಟ್ಟು, 10 ಮೀಟರ್ ದೂರದ ನೆರಳಿನ ಗೋಡೆಗೆ ಬೆಳಕು ಹಾಯಿಸಿದಲ್ಲಿ ಸುಮಾರು 9 ಸೆಂ.ಮೀ. ಬಿಂಬವನ್ನು ಮನೆಮಂದಿಯೆಲ್ಲ ನೋಡಬಹುದು. ಕನ್ನಡಿಯನ್ನು ನೇರವಾಗಿ ನೋಡಬಾರದು.
ಇ) ಸಾಣಿಗೆಯ ರಂಧ್ರಗಳಿಂದ ಅಥವಾ ಬೇವಿನ ಎಲೆಗಳ ಸಂದಿನಿಂದ ನೆಲದ ಮೇಲೆ ಬೀಳುವ ಬೆಳಕಿನಲ್ಲಿಯೂ ಕುಡುಗೋಲಿನಾಕಾರದ ಅನೇಕ ಬಿಂಬಗಳು ಕಾಣುತ್ತವೆ.
ಈ) ನೇರವಾಗಿ ನೋಡಬಯಸುವವರು ಐಎಸ್ಒ 12312-2 ಮಾನಕದ, ಗೀರು ಬೀಳದ ಕನ್ನಡಕ ಅಥವಾ 14ನೇ ಸಂಖ್ಯೆಯ ವೆಲ್ಡಿಂಗ್ ಗಾಜನ್ನು ಬಳಸತಕ್ಕದ್ದು. ಮಕ್ಕಳೊಂದಿಗೆ ಹಿರಿಯರು ಇರತಕ್ಕದ್ದು.

5. ತಪ್ಪು ತಿಳಿವಳಿಕೆಗಳು

2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ಗುಣವಾಗುವುದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಗ್ರಹಣಕ್ಕೆ ಯಾವುದೇ ಅಂಗವೈಕಲ್ಯವನ್ನು ಗುಣಪಡಿಸುವ ಶಕ್ತಿಯಿಲ್ಲ. ಇಂತಹ ಕೃತ್ಯದಿಂದ ಮಗುವಿನ ಪ್ರಾಣಕ್ಕೇ ಅಪಾಯವಿದೆ. ಗ್ರಹಣದಿಂದ ಅನ್ನ, ನೀರು ಕೆಡುವುದಿಲ್ಲ. ಗರ್ಭದಲ್ಲಿರುವ ಶಿಶುವಿಗೆ ಹಾನಿಯೂ ಇಲ್ಲ. ಉಪವಾಸವು ಅವರವರ ನಂಬಿಕೆಗೆ ಸೇರಿದ್ದು. ಆದರೆ ಗರ್ಭಿಣಿಯರು, ಮಕ್ಕಳು ಹಾಗೂ ಮಧುಮೇಹಿಗಳಿಗೆ ಆಹಾರ, ನೀರು ಮತ್ತು ಔಷಧಿಯನ್ನು ತಪ್ಪಿಸಕೂಡದು.

6. ತೊಂದರೆ ಕಂಡುಬಂದಲ್ಲಿ

ಗ್ರಹಣ ನೋಡಿದ ದಿನ ಅಥವಾ ಮರುದಿನ ದೃಷ್ಟಿಯ ಮಧ್ಯದಲ್ಲಿ ಕಪ್ಪು ಚುಕ್ಕೆ, ಮಂಜು, ಸರಳ ಗೆರೆ ಡೊಂಕಾಗಿ ಕಾಣುವುದು ಇತ್ಯಾದಿ ಲಕ್ಷಣಗಳು ಕಂಡಲ್ಲಿ ಕಣ್ಣಿಗೆ ಮನೆಮದ್ದು ಹಾಕದೆ, ವಿಳಂಬವಿಲ್ಲದೆ ಸಮೀಪದ ತಾಲ್ಲೂಕು ಆಸ್ಪತ್ರೆ ಅಥವಾ ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ನೇತ್ರತಜ್ಞರಿಗೆ ತೋರಿಸತಕ್ಕದ್ದು.

ಮನೆಯಿಂದ ಗ್ರಹಣ ವೀಕ್ಷಿಸಲು ಯಾವುದೇ ಅರ್ಜಿ, ಅನುಮತಿ ಅಥವಾ ಶುಲ್ಕದ ಅಗತ್ಯವಿರುವುದಿಲ್ಲ. ಸಾರ್ವಜನಿಕರು ಮೇಲಿನ ವಿಧಾನಗಳನ್ನು ಅನುಸರಿಸಿ ಗ್ರಹಣವನ್ನು ನಿರ್ಭಯವಾಗಿ ವೀಕ್ಷಿಸಲು ಕೋರಲಾಗಿದೆ.