ಜಾತ್ರೆ, ಪೆಂಡಾಲ್ ಮತ್ತು ಪಾಲಿಕೆಯ ಬೈಲಾ

ಸಾರ್ವಜನಿಕ ಸಮಾರಂಭದಲ್ಲಿ ಪಾಲಿಕೆಯ ನಿಯಮ ಜಾರಿ ಎಂದೊಡನೆ ರಸೀದಿ ಹಿಡಿದು ದಂಡ ವಸೂಲಿಗೆ ಬಂದ ಸಿಬ್ಬಂದಿಯೇ ನಮ್ಮ ಕಣ್ಮುಂದೆ ಬರುತ್ತಾರೆ. ಆದರೆ ಸ್ಥಳೀಯ ಸಂಸ್ಥೆಗೂ ಜಾತ್ರೆಗೂ ನಂಟು ಬೆಳೆದದ್ದು ದಂಡದಿಂದಲ್ಲ, ನೀರು ಮತ್ತು ನೈರ್ಮಲ್ಯದಿಂದ. ಬೆಂಗಳೂರಿನಲ್ಲಿ 1862ರಲ್ಲಿ ಪುರಸಭಾ ಆಡಳಿತ ಶುರುವಾದ ಕಾಲಕ್ಕೆ ಜನ ಸೇರುವ ಕಡೆಯಲ್ಲೆಲ್ಲ ಕಾಲರಾದ ಭಯವಿತ್ತು. 1898ರ ಪ್ಲೇಗು ಆ ಭಯವನ್ನು ಇನ್ನಷ್ಟು ಹೆಚ್ಚಿಸಿತು. ಚರಂಡಿ ಶುಚಿ ಮಾಡಿಸುವುದು, ಕುಡಿಯುವ ನೀರು ಒದಗಿಸುವುದು, ಬಂದ ಜನರ ಆರೋಗ್ಯ ನೋಡಿಕೊಳ್ಳುವುದು ಸ್ಥಳೀಯ ಆಡಳಿತದ ಮೊದಲ ಕೆಲಸಗಳಾದವು. ಇದರ ಜಾಡು ಈಗಲೂ ನಮ್ಮ ಕಾನೂನಿನಲ್ಲಿದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಜಾತ್ರೆ, ಉತ್ಸವಗಳಿಗೆ ಬರುವವರಿಂದ ಗ್ರಾಮ ಪಂಚಾಯಿತಿ ಶುಲ್ಕ ಪಡೆಯಬಹುದು. ಆದರೆ ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯಿತಿ ಮಾಡಿದ್ದರೆ ಮಾತ್ರ. ಮೊದಲು ವ್ಯವಸ್ಥೆ, ಆಮೇಲೆ ವಸೂಲಿ ಎಂಬ ಈ ಕ್ರಮವನ್ನು ನಮ್ಮ ನಗರಗಳು ಕಳೆದ ಕಾಲು ಶತಮಾನದಲ್ಲಿ ತಲೆಕೆಳಗು ಮಾಡಿಕೊಂಡವು. ಸಮಾರಂಭಗಳಲ್ಲಿ ಬೈಲಾಗಳು ಸೋಲುತ್ತಿರುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ವಾದ.

ಕಾಯ್ದೆಗಳಿಗೇನೂ ಕೊರತೆಯಿಲ್ಲ. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಬಂದವು. ಪ್ಲಾಸ್ಟಿಕ್ ನಿಷೇಧದ ರಾಜ್ಯ ಅಧಿಸೂಚನೆ 2016ರ ಮಾರ್ಚ್‌ನಲ್ಲಿ, ಘನತ್ಯಾಜ್ಯ ನಿರ್ವಹಣೆಯ ಕೇಂದ್ರ ನಿಯಮಗಳು ಅದರ ಮುಂದಿನ ತಿಂಗಳಲ್ಲಿ ಹೊರಬಿದ್ದವು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಅಕ್ರಮ ಫ್ಲೆಕ್ಸ್‌ಗಳು ರಾತ್ರೋರಾತ್ರಿ ಕೆಳಗಿಳಿದವು. 2019ರಲ್ಲಿ ಕಸ ಎಸೆಯುವವರಿಗೆ ದಂಡ ಹಾಕುವ ಮಾರ್ಷಲ್‌ಗಳು ಬೀದಿಗಿಳಿದರು, 2020ರಲ್ಲಿ ಬಿಬಿಎಂಪಿ ತನ್ನದೇ ತ್ಯಾಜ್ಯ ಬೈಲಾ ಮಾಡಿಕೊಂಡಿತು. ಇವುಗಳಲ್ಲಿ ಬಹುಪಾಲು ಮೇಲಿನಿಂದ ಬಂದವು: ಕೆಲವು ಕೇಂದ್ರದಿಂದ, ಕೆಲವು ನ್ಯಾಯಾಲಯದಿಂದ. ಜಾರಿಯ ಹೊರೆ ಬಿದ್ದದ್ದು ವಾರ್ಡಿನ ಸಿಬ್ಬಂದಿಯ ಮೇಲೆ. ಅಧಿಕಾರವಾದರೂ ಒಂದೇ ಕೈಯಲ್ಲಿದೆಯೇ? ಧ್ವನಿವರ್ಧಕದ ವಿಷಯವನ್ನೇ ತೆಗೆದುಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅವಕಾಶ ರಾಜ್ಯಕ್ಕಿದೆ. ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಎತ್ತಿಹಿಡಿಯಿತು. ಅಳತೆ ಇಷ್ಟು ಸ್ಪಷ್ಟವಾಗಿದ್ದರೂ ಪೆಂಡಾಲಿಗೆ ಜಾಗ ಕೊಡುವುದು ಪಾಲಿಕೆ, ಮೈಕಿಗೆ ಅನುಮತಿ ಕೊಡುವುದು ಪೊಲೀಸರು, ಕರೆಂಟು ಕೊಡುವುದು ಬೆಸ್ಕಾಂ. ಡಿಜೆ ಸದ್ದಿನ ಬಗ್ಗೆ ದೂರು ಕೊಡಲು ಹೊರಟ ನಾಗರಿಕ ಈ ಮೂರು ಬಾಗಿಲುಗಳ ನಡುವೆ ಅಲೆಯುವಷ್ಟರಲ್ಲಿ ಮೆರವಣಿಗೆ ಮುಂದಿನ ಬಡಾವಣೆ ಸೇರಿರುತ್ತದೆ.

ಈ ಇತಿಹಾಸದಲ್ಲಿ ಹೆಚ್ಚು ಕಲಿಸುವುದು ಗಣೇಶ ವಿಸರ್ಜನೆಯ ಅಧ್ಯಾಯ. ಕೆರೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ಮೂರ್ತಿ ಬಿಡುವುದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ನಿಷೇಧ ಹೇರಿತು. ಆದರೂ ಪಿಒಪಿ ಮೂರ್ತಿಗಳು ಇವತ್ತಿಗೂ ಮಾರುಕಟ್ಟೆಯಲ್ಲಿ ಕಾಣುತ್ತವೆ. ಏಕೆಂದರೆ ನಿಷೇಧದ ಹಿಡಿತ ಬೀಳಬೇಕಾದದ್ದು ತಿಂಗಳುಗಳ ಮೊದಲು, ಮೂರ್ತಿ ತಯಾರಾಗುವ ಶೆಡ್ಡಿನಲ್ಲಿ. ಪ್ರತಿಷ್ಠಾಪನೆಯಾಗಿ, ಆರತಿ ಆಗಿ, ಮಕ್ಕಳು ಕೈಮುಗಿದ ಮೂರ್ತಿಯನ್ನು ಬೀದಿಯಲ್ಲಿ ಜಪ್ತಿ ಮಾಡಲು ಯಾವ ಅಧಿಕಾರಿಯೂ ಮುಂದಾಗಲಾರ, ಆಗಲೂ ಬಾರದು. ಪಾಲಿಕೆಗೆ ಇದು ಅನುಭವದಿಂದಲೇ ಅರ್ಥವಾಯಿತು. ಸ್ಯಾಂಕಿ, ಹಲಸೂರು, ಯಡಿಯೂರು ಕೆರೆಗಳ ಪಕ್ಕದಲ್ಲಿ ಪ್ರತ್ಯೇಕ ಕಲ್ಯಾಣಿಗಳಿವೆ, ಬಡಾವಣೆಗಳಿಗೆ ನೀರಿನ ತೊಟ್ಟಿ ಹೊತ್ತ ವಾಹನಗಳು ಬರುತ್ತವೆ. ಅಲ್ಲಿ ನಿಂತು ನೋಡಿದರೆ ಜಾರಿಯ ನಿಜವಾದ ರೂಪ ಕಾಣುತ್ತದೆ. ಹಾರ, ಬಟ್ಟೆ, ಬಾಳೆಕಂದುಗಳನ್ನು ಸಿಬ್ಬಂದಿ ತೆಗೆದು ಬೇರೆ ಗುಡ್ಡೆ ಹಾಕುತ್ತಾರೆ, ಬರಿಯ ಮೂರ್ತಿ ಮಾತ್ರ ನೀರಿಗಿಳಿಯುತ್ತದೆ. ಮನೆಯವರು ಕೊನೆಯ ಮಂಗಳಾರತಿ ಎತ್ತುವಷ್ಟು ಹೊತ್ತು ಸರದಿಯವರೂ ತಾಳುತ್ತಾರೆ. ಅಲ್ಲಿ ದಂಡವೂ ಇಲ್ಲ, ಜಗಳವೂ ಇಲ್ಲ. ಮನೆ ಹತ್ತಿರವೇ ತೊಟ್ಟಿ ಸಿಕ್ಕರೆ ಕೆರೆಗೆ ಹೋಗುವ ಕಾರಣವೇ ಉಳಿಯುವುದಿಲ್ಲ.

ಕಸದ ವಿಷಯದಲ್ಲೂ ಕಾನೂನು ಇದೇ ದಾರಿ ತೋರಿಸಿತ್ತು. ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭ ಮಾಡುವವರು ಕನಿಷ್ಠ 3 ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ವಿಂಗಡಿಸಿ ಒಪ್ಪಿಸಬೇಕು ಎಂದಿದ್ದವು 2016ರ ನಿಯಮಗಳು. ಆ ಮೂರು ದಿನಗಳ ಬೆಲೆ ಅನ್ನಸಂತರ್ಪಣೆ ಮುಗಿದ ಬೀದಿಯಲ್ಲಿ ತಿಳಿಯುತ್ತದೆ. ಹಾಳೆ ತಟ್ಟೆಗಳ ನಡುವೆ ಪ್ಲಾಸ್ಟಿಕ್ ಲೋಟ, ಅದರೊಳಗೆ ಅರ್ಧ ಕುಡಿದ ಮಜ್ಜಿಗೆ, ಮೇಲೆ ಚೆಲ್ಲಿದ ಸಾರನ್ನ. ಒಮ್ಮೆ ಹೀಗೆ ಕಲಸಿಹೋದ ಮೇಲೆ ಅದನ್ನು ವಿಂಗಡಿಸುವ ಪಾಡು ಪೌರಕಾರ್ಮಿಕರದ್ದು, ಅದೂ ಬರಿಗೈಯಲ್ಲಿ. ಸಂಘಟಕರಿಗೆ ದಂಡ ಹಾಕಿದರೂ ಪೌರಕಾರ್ಮಿಕರ ಕೈಗೆ ಹತ್ತಿದ್ದು ಹೋಗುವುದಿಲ್ಲ. ಅರ್ಜಿ ಬಂದ ದಿನವೇ ಎಷ್ಟು ಜನರಿಗೆ ಊಟ, ಯಾವ ತಟ್ಟೆ, ಟಿಪ್ಪರ್ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿ ಬರೆದುಕೊಂಡರೆ, ಒಂದಿಷ್ಟು ಠೇವಣಿ ಇರಿಸಿಕೊಂಡರೆ, ಅದರ ಪರಿಣಾಮವೇ ಬೇರೆ. ದಂಡವನ್ನು ನಾವು ಬೆನ್ನಟ್ಟಿ ಹೋಗಬೇಕು. ಠೇವಣಿಯನ್ನು ಕೇಳಿಕೊಂಡು ಸಂಘಟಕರೇ ಬರುತ್ತಾರೆ. ಎರಡು ದಿನದಲ್ಲಿ ಬಿಚ್ಚಿಹೋಗುವ ಶಾಮಿಯಾನದ ಮೇಲೆ ನೋಟಿಸು ಅಂಟಿಸಿ ಪ್ರಯೋಜನವಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಜಾತ್ರೆ ಜನರದ್ದು, ಅದಕ್ಕೆ ಅರ್ಜಿ, ಠೇವಣಿ ಯಾಕೆ ಎಂಬುದು ಒಂದು. ಬಸವನಗುಡಿಯ ಕಡಲೆಕಾಯಿ ಪರಿಷೆಯಂಥದ್ದಕ್ಕೆ ಈ ಮಾತು ಪೂರ್ತಿ ಸಲ್ಲುತ್ತದೆ. ಕಾರ್ತಿಕ ಮಾಸದ ಕಡೆಯ ಸೋಮವಾರಕ್ಕೆ ರಾಶಿ ಹಾಕಿಕೊಂಡು ಕೂರುವ ರೈತರು, ವ್ಯಾಪಾರಿಗಳ ಮೇಲೆ ಹೊರೆ ಹಾಕುವುದು ಅನ್ಯಾಯ. ಅಲ್ಲಿ ಕೆಲಸ ಮಾಡಬೇಕಾದದ್ದು ಬಟ್ಟೆ ಚೀಲ, ಕಸದ ಬುಟ್ಟಿ, ಶೌಚಾಲಯ. ಅವನ್ನು ಪಾಲಿಕೆಯೇ ತಂದಿಡಬೇಕು. ಲಕ್ಷಗಟ್ಟಲೆ ಖರ್ಚಿನ ಪ್ರಾಯೋಜಿತ ಸಂಗೀತ ಸಂಜೆಗೂ ಓಣಿಯ ಹುಡುಗರ ಗಣಪತಿಗೂ ಒಂದೇ ದರ ಇರಕೂಡದು. ಎರಡನೆಯ ಆಕ್ಷೇಪ ಇದಕ್ಕಿಂತ ಕಟುವಾದದ್ದು: ಬಡವರ ಪೆಂಡಾಲಿಗೆ ನಿಯಮ, ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿಗೆ ಕುರುಡು. ಇದು ಸತ್ಯ. 2018ರ ಶುಚಿತ್ವ ಉಳಿಯಲಿಲ್ಲ, ಫ್ಲೆಕ್ಸ್‌ಗಳು ಮರಳಿ ಬಂದವು. ಆದರೆ ಈ ತಾರತಮ್ಯ ಹೆಚ್ಚು ಬೆಳೆಯುವುದು ಸ್ಥಳದಲ್ಲೇ ನಿರ್ಧಾರವಾಗುವ ದಂಡದಲ್ಲಿ. ಅಲ್ಲಿ ಒಂದು ಫೋನ್ ಕರೆ ಸಾಕು. ಅನುಮತಿ ಪತ್ರ, ಷರತ್ತು, ಠೇವಣಿ ಮೂರೂ ಮೊದಲೇ ದಾಖಲಾಗಿ ಎಲ್ಲರಿಗೂ ಕಾಣುವಂತಿದ್ದರೆ ಕರೆ ಮಾಡುವವರಿಗೂ ಅಳುಕು ಇರುತ್ತದೆ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಸರ್ಕಾರ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆಯನ್ನು ಮಂಡಿಸಿತು. ಜೀವದ ಪ್ರಶ್ನೆ ಎದುರಿಗಿದ್ದಾಗ ಚರ್ಚೆ ಪೊಲೀಸ್ ಅನುಮತಿ ಮತ್ತು ಶಿಕ್ಷೆಯ ಸುತ್ತ ಸುತ್ತಿದ್ದು ಸಹಜವೇ. ಆದರೂ ಬೀದಿಯ ಅಗಲ, ತೆರೆದ ಚರಂಡಿ, ಕಿತ್ತ ಫುಟ್‌ಪಾತ್, ಆಂಬುಲೆನ್ಸ್ ನುಗ್ಗುವ ದಾರಿ ಬಲ್ಲದ್ದು ಪಾಲಿಕೆಯ ಎಂಜಿನಿಯರ್. ಅನುಮತಿ ಪತ್ರದಲ್ಲಿ ಅವರ ಸಹಿಯೂ ಇರಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಮೆರವಣಿಗೆಗಳು ಇನ್ನು ಪಾಲಿಕೆಯ ಗಡಿಗಳನ್ನೂ ದಾಟಲಿವೆ. ಗಣೇಶೋತ್ಸವಕ್ಕೆ ತೆರೆಯುವ ಏಕಗವಾಕ್ಷಿ ಕೇಂದ್ರಗಳಲ್ಲಿ ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ದಳದವರು ಒಂದೇ ಸೂರಿನಡಿ ಕೂರುತ್ತಾರೆ. ಆ ಪದ್ಧತಿಯನ್ನು ವರ್ಷಪೂರ್ತಿ, ಎಲ್ಲ ಸಮಾರಂಭಗಳಿಗೂ ವಿಸ್ತರಿಸಲು ಹೊಸ ಪಾಲಿಕೆಗಳು ಬರೆಯುವ ಬೈಲಾಗಳು ಒಳ್ಳೆಯ ಅವಕಾಶ. ಹಾಗೆ ಬರೆಯುವಾಗ ಠೇವಣಿಯ ಮೊತ್ತದ ಜೊತೆಗೆ ಅದು ಎಷ್ಟು ದಿನದೊಳಗೆ ವಾಪಸಾಗಬೇಕು, ತಡವಾದರೆ ಯಾವ ಅಧಿಕಾರಿ ಉತ್ತರಿಸಬೇಕು ಎಂಬುದನ್ನೂ ಅದರಲ್ಲೇ ಬರೆಯಬೇಕು.