ಪೂಲ್ ಆಟದಲ್ಲಿ ಹೊಡೆತದ ಯೋಜನೆ

ಪೂಲ್ ಆಟದಲ್ಲಿ ಹೊಡೆತದ ಯೋಜನೆ ಎಂದರೆ ಗುರಿಯ ಚೆಂಡನ್ನು ಪಾಕೆಟ್‌ಗೆ ಬೀಳಿಸುವುದರ ಜೊತೆಗೆ, ಮುಂದಿನ ಹೊಡೆತಕ್ಕೆ ಅನುಕೂಲವಾದ ಜಾಗದಲ್ಲಿ ಬಿಳಿ ಚೆಂಡು ನಿಲ್ಲುವಂತೆ ಮೊದಲೇ ಲೆಕ್ಕ ಹಾಕುವ ಕ್ರಮ. ಬಿಲಿಯರ್ಡ್ಸ್, ಸ್ನೂಕರ್‌ಗಳಿಗೂ ಇದೇ ತಳಹದಿ.

ಎಂಟು ಚೆಂಡಿನ ಪೂಲ್‌ನಲ್ಲಿ ಬಿಳಿಯದಲ್ಲದೆ 15 ಚೆಂಡುಗಳಿರುತ್ತವೆ: 1–7 ಪೂರ್ಣ ಬಣ್ಣದವು, 9–15 ಪಟ್ಟೆಯವು, 8 ಕಪ್ಪು. ಆಟಗಾರ ತನ್ನ ಗುಂಪಿನ ಏಳನ್ನೂ ಬೀಳಿಸಿದ ಮೇಲಷ್ಟೇ ಕಪ್ಪಿಗೆ ಸರದಿ. ಹೀಗಾಗಿ ಯೋಜನೆ ಕೊನೆಯಿಂದ ಮೊದಲಿಗೆ ಸಾಗುತ್ತದೆ: ಕಪ್ಪು ಬೀಳಬೇಕಾದ ಪಾಕೆಟ್ ಗೊತ್ತುಮಾಡಿ, ಅದಕ್ಕೆ ದಾರಿ ಕೊಡುವ ಚೆಂಡನ್ನು ಕೊನೆಗೆ ಉಳಿಸಲಾಗುತ್ತದೆ. ಒಂದಕ್ಕೊಂದು ಅಂಟಿ ನಿಂತ ಚೆಂಡುಗಳನ್ನು, ಸುಲಭದ ಚೆಂಡು ಇನ್ನೂ ಮೇಜಿನ ಮೇಲಿರುವಾಗಲೇ ಬಿಡಿಸುವುದು ವಾಡಿಕೆ.

ಬಿಳಿ ಚೆಂಡು ಮುಂದಕ್ಕಾಗಲಿ ಹಿಂದಕ್ಕಾಗಲಿ ಉರುಳದೆ ಜಾರುತ್ತ ಹೋಗಿ ಓರೆಯಾಗಿ ತಾಗಿದರೆ, ಗುರಿಯ ಚೆಂಡು ಹಿಡಿದ ದಾರಿಗೆ ಸುಮಾರು 90 ಡಿಗ್ರಿಯಲ್ಲಿ ಸರಿಯುತ್ತದೆ. ಮೇಲ್ಭಾಗಕ್ಕೆ ಹೊಡೆದಾಗ ಆ ದಾರಿಯಿಂದ ಮುಂದಕ್ಕೂ, ಕೆಳಭಾಗಕ್ಕೆ ಹೊಡೆದಾಗ ಹಿಂದಕ್ಕೂ ಬಾಗುತ್ತದೆ. ಪಕ್ಕದ ಗಿರಕಿಯ ಪರಿಣಾಮ ಮುಖ್ಯವಾಗಿ ಮೇಜಿನ ಅಂಚಿನ ರಬ್ಬರಿಗೆ ಬಡಿದಾಗ ಕಾಣುತ್ತದೆ. ನೇರ ಹೊಡೆತ ಸುಲಭವೆನಿಸಿದರೂ ಬಿಳಿ ಚೆಂಡನ್ನು ಪಕ್ಕಕ್ಕೆ ಸಾಗಿಸಲು ಬಿಡದು. ತುಸು ಓರೆ ಇದ್ದರೇ ಮೇಲು. ಬೀಳಿಸುವ ಅವಕಾಶವಿಲ್ಲದಾಗ ಎದುರಾಳಿಯ ದಾರಿ ಮುಚ್ಚುವ ರಕ್ಷಣಾ ಹೊಡೆತ ಆಡಲಾಗುತ್ತದೆ.

ಇದೇ ತಳಹದಿಯ ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಎನ್ನಲಾಗಿದೆ. ಅದರ ನಿಯಮಗಳು ಊಟಿ ಕ್ಲಬ್ಬಿನಲ್ಲಿ ನೆಲೆಗೊಂಡವು. ಕರ್ನಾಟಕದಲ್ಲಿ ಈ ಆಟಗಳ ಮುಖ್ಯ ಕೇಂದ್ರ ಬೆಂಗಳೂರು. ಅಲ್ಲಿ ಅರವಿಂದ ಸವೂರ್ ಅವರ ಬಳಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು.