ಕೋಪದ ನೆಲೆ ಎಲ್ಲಿ? ಮೆದುಳಿನ ರಚನೆ ಮತ್ತು ಆಕ್ರಮಣಶೀಲತೆ

ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗುವವರಿಗೆ ಎಡಬದಿಯಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣ ಎದುರಾಗುತ್ತದೆ. ಸಂಜೆಯ ವಾಹನದಟ್ಟಣೆಯಲ್ಲಿ ಈ ದಾರಿ ಹಿಡಿದವರಿಗೆ ಕೋಪವೆಂದರೇನೆಂದು ವಿವರಿಸಬೇಕಾಗಿಲ್ಲ. ಅದೇ ಆವರಣದೊಳಗಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಎರಡು ದಶಕಗಳ ಹಿಂದೆ ನಡೆದ ಸಂಶೋಧನೆಯೊಂದು, ಭಯ ಮತ್ತು ಕೋಪಗಳಿಗೆ ನಿಕಟವಾದ ಮೆದುಳಿನ ಭಾಗವು ಬದುಕಿನ ಅನುಭವದಿಂದಲೇ ರೂಪ ಬದಲಿಸುತ್ತದೆ ಎಂಬುದನ್ನು ತೋರಿಸಿತು.

ಮೆದುಳಿನಲ್ಲಿ 'ಹಿಂಸೆಯ ಕೇಂದ್ರ' ಎಂಬ ಒಂದೇ ತಾಣವಿಲ್ಲ. ಆದರೆ ಮೂರು ಭಾಗಗಳ ಪಾತ್ರ ಪ್ರಮುಖವಾದುದು. ಮೆದುಳಿನ ಎರಡೂ ಪಾರ್ಶ್ವಗಳ ಒಳಗೆ ಬಾದಾಮಿಯ ಆಕಾರದಲ್ಲಿರುವ ಅಮಿಗ್ಡಲಾ ಎದುರಿಗಿರುವುದು ಅಪಾಯವೇ ಎಂದು ಕ್ಷಣಾರ್ಧದಲ್ಲಿ ಅಳೆಯುತ್ತದೆ. ತಳಭಾಗದ ಹೈಪೋಥಲಾಮಸ್ ಹೃದಯಬಡಿತ, ರಕ್ತದೊತ್ತಡ, ಹಾರ್ಮೋನುಗಳನ್ನು ಏರಿಸಿ ದೇಹವನ್ನು ಹೋರಾಟಕ್ಕೋ ಪಲಾಯನಕ್ಕೋ ಸಜ್ಜುಗೊಳಿಸುತ್ತದೆ. ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಪರಿಣಾಮಗಳನ್ನು ತೂಗಿನೋಡಿ ಕಡಿವಾಣ ಹಾಕುತ್ತದೆ.

ಸ್ವಿಸ್ ವಿಜ್ಞಾನಿ ವಾಲ್ಟರ್ ಹೆಸ್ ಬೆಕ್ಕುಗಳ ಹೈಪೋಥಲಾಮಸ್ಸಿಗೆ ವಿದ್ಯುತ್ ಪ್ರಚೋದನೆ ನೀಡಿದಾಗ, ಅವು ಕಾರಣವಿಲ್ಲದೆ ಕೂದಲು ನಿಮಿರಿಸಿ ಮೇಲೆರಗಿದವು. 2011ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಡೇವಿಡ್ ಆಂಡರ್ಸನ್ ತಂಡವು ಇದೇ ಭಾಗದ ಕೆಲವು ನರಕೋಶಗಳನ್ನು ಬೆಳಕಿನಿಂದ ಪ್ರಚೋದಿಸಿದಾಗ ಗಂಡು ಇಲಿಗಳು ಗಾಳಿ ತುಂಬಿದ ಕೈಗವಸಿನ ಮೇಲೂ ದಾಳಿ ಮಾಡಿದವು.

ಹೆಸ್ ಅವರಿಗೆ 1949ರಲ್ಲಿ ನೊಬೆಲ್ ಬಂದಾಗ ಅದನ್ನು ಹಂಚಿಕೊಂಡವರು ಪೋರ್ಚುಗಲ್ಲಿನ ಎಗಾಸ್ ಮೋನಿಜ್. ಮನೋರೋಗಕ್ಕೆ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಕ್ರಿಯೆಯ ಪ್ರವರ್ತಕರು ಇವರು. ಈ ಚಿಕಿತ್ಸೆ ಬೆಂಗಳೂರಿಗೆ ಬರಲು ತಡವಾಗಲಿಲ್ಲ. ಇಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರಚಿಕಿತ್ಸಕ ಡಾ. ಬಿ.ಎನ್. ಬಾಲಕೃಷ್ಣ ರಾವ್ ತಮ್ಮ ರೋಗಿಗಳ ಅನುಭವವನ್ನು 1944ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಬಳಿಕ ಮದರಾಸಿನ ವೈದ್ಯರು ತೀವ್ರ ಆಕ್ರಮಣಶೀಲ ರೋಗಿಗಳ ಅಮಿಗ್ಡಲಾದ ಅಂಶವನ್ನೇ ನಾಶಪಡಿಸುವ ಶಸ್ತ್ರಕ್ರಿಯೆ ನಡೆಸಿದರು. ಕತ್ತರಿಸಿದ್ದನ್ನು ಮರಳಿ ಜೋಡಿಸಲಾಗದು ಎಂಬ ಸಂಗತಿಗೆ ಅಂದು ಸಿಗಬೇಕಾದಷ್ಟು ತೂಕ ಸಿಗಲಿಲ್ಲ ಎನ್ನದೆ ವಿಧಿಯಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ, ರೋಗಿಯ ಒಪ್ಪಿಗೆ ಹಾಗೂ ಸಂಬಂಧಪಟ್ಟ ಮಂಡಳಿಯ ಅನುಮತಿ ಎರಡೂ ಇಲ್ಲದೆ ಇಂಥ ಶಸ್ತ್ರಕ್ರಿಯೆ ಸಲ್ಲದು.

ಕತ್ತರಿ ಮುಟ್ಟಿಸದೆಯೇ ಅಮಿಗ್ಡಲಾ ಬದಲಾಗಬಲ್ಲುದೆ? ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡಲಾಗದಂತೆ ಇರಿಸಿದರು. ಒತ್ತಡವು ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳನ್ನು ಕುಗ್ಗಿಸುತ್ತದೆ ಎಂಬುದು ಮೊದಲೇ ತಿಳಿದಿತ್ತು. ಅಮಿಗ್ಡಲಾದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಕವಲುಗಳು ಹರಡಿ ಬೆಳೆದಿದ್ದವು. 2002ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕಿಂತ ಮುಂದಿನದು ಹೆಚ್ಚು ಕಳವಳಕಾರಿ. ಒತ್ತಡವಿಲ್ಲದೆ 21 ದಿನ ವಿಶ್ರಾಂತಿ ಕೊಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾ ಮಾತ್ರ ಹಿಂದಿನ ಸ್ಥಿತಿಗೆ ಮರಳಲಿಲ್ಲ. 2005ರ ಇನ್ನೊಂದು ಪ್ರಯೋಗದಲ್ಲಿ ಒಂದೇ ಒಂದು ಬಾರಿಯ ಒತ್ತಡ ಮರುದಿನ ಯಾವ ಕುರುಹನ್ನೂ ತೋರದೆ, 10 ದಿನಗಳ ನಂತರ ಹೊಸ ನರಸಂಪರ್ಕಗಳ ರೂಪದಲ್ಲಿ ಗೋಚರಿಸಿತು. ಕಹಿ ಘಟನೆ ಮುಗಿದು ದಿನಗಳಾದ ಮೇಲೆ ಮನಸ್ಸು ಕದಡುವುದೇಕೆ ಎಂಬುದಕ್ಕೆ ಇದೊಂದು ಸುಳಿವು.

ಆದರೆ ಈ ಇಲಿಗಳಲ್ಲಿ ಅಳೆದದ್ದು ಆತಂಕವನ್ನೇ ಹೊರತು ಆಕ್ರಮಣಶೀಲತೆಯನ್ನಲ್ಲ. ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯುವಂತೆಯೂ ಇಲ್ಲ. ವಂಶವಾಹಿಯ ವಿಷಯವೂ ಹಾಗೆಯೇ. 1993ರಲ್ಲಿ ಡಚ್ ಕುಟುಂಬವೊಂದರ ಹಿಂಸಾಪ್ರವೃತ್ತಿಯ ಪುರುಷರಲ್ಲಿ ಎಂಎಒಎ ಎಂಬ ವಂಶವಾಹಿಯ ದೋಷ ಕಂಡುಬಂತು; ಮುಂದೆ ಪತ್ರಿಕೆಗಳು ಈ ವಂಶವಾಹಿಯನ್ನು 'ಯೋಧನ ಜೀನ್' ಎಂದು ಕರೆದವು. ಅಂಥ ದೋಷ ಅತ್ಯಂತ ವಿರಳ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು ಕೂಡ ಕೇಳುವುದು ಅಮಿಗ್ಡಲಾದ ಗಾತ್ರವನ್ನಲ್ಲ. ಕೃತ್ಯದ ವೇಳೆ ಅದರ ಸ್ವರೂಪವನ್ನು ತಿಳಿಯಲಾಗದಷ್ಟು ಚಿತ್ತಸ್ವಾಸ್ಥ್ಯ ಕೆಟ್ಟಿತ್ತೇ ಎಂಬುದನ್ನು.

ಶಾಂತಸ್ವಭಾವದ ವ್ಯಕ್ತಿ, ವಿಶೇಷವಾಗಿ ತಲೆಗೆ ಪೆಟ್ಟು ಬಿದ್ದ ನಂತರ ಅಥವಾ ಇಳಿವಯಸ್ಸಿನಲ್ಲಿ, ಏಕಾಏಕಿ ಮುಂಗೋಪಿಯಾದರೆ ಅದನ್ನು ಬರಿಯ ಸ್ವಭಾವದೋಷವೆಂದು ಬಗೆಯದೆ ನರರೋಗ ತಜ್ಞರಿಗೆ ತೋರಿಸುವುದು ಉಚಿತ. ಮೆದುಳಿನ ಮುಂಭಾಗದ ಗಾಯ, ಗಡ್ಡೆ ಹಾಗೂ ಕೆಲವು ಬಗೆಯ ಮರೆಗುಳಿತನಗಳು ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ. ಮಾನಸಿಕ ಒತ್ತಡದಲ್ಲಿರುವವರು ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.